ಫೋಟೊ ಪುಸ್ತಕ ಅಚ್ಚಿಗೆ ಕೊಡುವ ಮುನ್ನ ಪ್ರೂಫ್ ನೋಡಿ

ಪರದೆಯ ಮೇಲೆ ಹೊಳೆಯುತ್ತಿದ್ದ ನೀಲಿ ಆಕಾಶ ಪುಸ್ತಕದಲ್ಲಿ ಮಂಕಾಗಿ ಬಂದರೆ ಕರುಳು ಚುರ್ ಅನ್ನುತ್ತದೆ. ಪರದೆ ಬಣ್ಣ ತೋರಿಸುವುದು ಬೆಳಕಿನಿಂದ, ಅಚ್ಚು ಶಾಯಿಯಿಂದ. ಶಾಯಿಗೆ ಎಟುಕದ ಬಣ್ಣಗಳು ಇದ್ದೇ ಇವೆ. ಅವು ಯಾವುವೆಂದು ಮೊದಲೇ ತಿಳಿಯುವುದಕ್ಕೇ ಪ್ರೂಫ್, ಅಂದರೆ ಅಚ್ಚಿಗೆ ಮುನ್ನ ನೋಡುವ ಮಾದರಿ. ಖರ್ಚು ಉಳಿಸಲು ಇದನ್ನು ಮಾತ್ರ ಬಿಡಬೇಡಿ.

ಮೊದಲು ಎಷ್ಟು ಪ್ರತಿ ಬೇಕೆಂದು ತೀರ್ಮಾನಿಸಿ. ಕೆಲವೇ ಪ್ರತಿ ಸಾಕಾದರೆ ಫೈಲಿನಿಂದ ನೇರವಾಗಿ ಅಚ್ಚು ಹಾಕುವ ಡಿಜಿಟಲ್ ಒಳ್ಳೆಯದು. ಆಫ್‌ಸೆಟ್‌ನಲ್ಲಿ ಪ್ಲೇಟ್ (ಪುಟಗಳನ್ನು ಮೂಡಿಸಿದ ಲೋಹದ ತಗಡು) ಮಾಡಿ ಮಷಿನ್ ಹೊಂದಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಹಾಗಂತ ಸುಮ್ನೆ ಜಾಸ್ತಿ ಹಾಕಿಸಬೇಡಿ.

ಆಮೇಲೆ ಪುಟಗಳ ಲೆಕ್ಕ. ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚಾದರೆ 16 ಪುಟದ ಒಂದು ಫಾರಂ. 96 ಪುಟಕ್ಕೆ 6 ಫಾರಂ. ಒಂದು ಬದಿಗೆ ನಾಲ್ಕು ಬಣ್ಣದ ನಾಲ್ಕು ಪ್ಲೇಟ್, ಅಂದರೆ 12 ಬದಿಗೆ ಒಟ್ಟು 48. ಇನ್ನೂ ನಾಲ್ಕೇ ಪುಟ ಸೇರಿಸೋಣ ಅಂದರೆ ಮತ್ತೆ ಪ್ಲೇಟ್, ಮತ್ತೆ ಮಷಿನ್ ಹೊಂದಿಸುವ ಕೆಲಸ. ಚಿತ್ರ ಆರಿಸುವಾಗಲೇ ಇದು ನೆನಪಿರಲಿ.

ಈಗ ಬಣ್ಣ. ಮಾನಿಟರ್ ಕ್ಯಾಲಿಬ್ರೇಟ್ ಮಾಡಿ (ಬಣ್ಣ ಸರಿಯಾಗಿ ತೋರುವಂತೆ ಹೊಂದಿಸಿ), ಬ್ರೈಟ್‌ನೆಸ್ ಇಳಿಸಿ. ಪರದೆ ತುಂಬ ಬೆಳಗಿದ್ದರೆ ಅಚ್ಚು ಕತ್ತಲಾಗಿ ಕಾಣುವುದು ಖಂಡಿತ. ನೀವು ಆರಿಸಿದ ಕಾಗದಕ್ಕೆ ಹೊಂದುವ ಐಸಿಸಿ ಪ್ರೊಫೈಲನ್ನು (ಆ ಕಾಗದ, ಶಾಯಿಯಲ್ಲಿ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಫೈಲ್) ಪ್ರೆಸ್‌ನವರಿಂದ ಕೇಳಿ ಪಡೆದು ಸಾಫ್ಟ್ ಪ್ರೂಫ್, ಅಂದರೆ ಪರದೆಯ ಮೇಲಿನ ಪ್ರೂಫ್ ನೋಡಿ. ನಯವಾದ ಆರ್ಟ್ ಪೇಪರ್ ಮೇಲೆ ಶಾಯಿ ನಿಲ್ಲುತ್ತದೆ. ಒರಟು ಕಾಗದ ಅದನ್ನು ಹೀರಿಕೊಳ್ಳುತ್ತದೆ, ನೆರಳಿನ ವಿವರಗಳು ಮುಚ್ಚಿಹೋಗುತ್ತವೆ.

ನಂತರ ಕಾಗದದ ಮೇಲಿನ ಪ್ರೂಫ್. ಎಲ್ಲ ಪುಟಕ್ಕೂ ದುಡ್ಡಿಲ್ಲದಿದ್ದರೆ ಕಷ್ಟದ ಚಿತ್ರಗಳನ್ನೇ ಕೊಡಿ: ಮುಖದ ಬಣ್ಣ, ಗಾಢ ನೆರಳು, ಕಪ್ಪು-ಬಿಳುಪು. ನಾಲ್ಕು ಶಾಯಿಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, ಆಮೇಲೆ ಕಿಟಕಿ ಹತ್ತಿರ ಒಯ್ಯಿರಿ. ಒಂದು ಕಡೆ ಬೂದು ಗೋಡೆಗೆ ಹಸಿರು ಛಾಯೆ, ಇನ್ನೊಂದು ಕಡೆ ಕೆಂಪು! ಅದಕ್ಕೇ ಪ್ರೂಫ್ ನೋಡಲು 5000 ಕೆಲ್ವಿನ್ ಬೆಳಕು, ಅಂದರೆ ಹಗಲಿನಂಥ ಬಿಳಿ ಬೆಳಕು ಬೇಕು. ಬಣ್ಣ ಒಪ್ಪಿಗೆಯಾದ ಮೇಲೆ ಪ್ರೂಫ್ ಮೇಲೆ ಸಹಿ ಹಾಕಿ ಕೊಡಿ.

ಸಾಧ್ಯವಾದರೆ ಅಚ್ಚಾಗುವ ದಿನ ಮಷಿನ್ ಪಕ್ಕದಲ್ಲೇ ಇರಿ. ಮೊದಲ ಹಾಳೆಗಳನ್ನು ಸಹಿ ಮಾಡಿದ ಪ್ರೂಫ್ ಜೊತೆ ಹೋಲಿಸಿ. ಆದರೆ ಒಂದು ಚಿತ್ರಕ್ಕೆ ಕೆಂಪು ಹೆಚ್ಚಿಸಿ ಎನ್ನುವ ಮೊದಲು ಹಾಳೆಯಲ್ಲಿ ಅದರ ಮೇಲೆ ಕೆಳಗೆ ಏನಿದೆ ನೋಡಿ. ಹಾಗೆ ಮೇಲೆ ಕೆಳಗೆ ಅದೇ ನೇರದಲ್ಲಿ ಬರುವ ಚಿತ್ರಗಳಿಗೂ ಆ ಕೆಂಪು ಏರುತ್ತದೆ.