ಸೂಜಿ ಮುರಿದರೆ ಬೈಯದ ಬ್ಯಾಚು: ಗಾರ್ಮೆಂಟ್ಸ್ ಫ್ಲೋರಿನಲ್ಲಿ ನಾವು ಮಾಡಿದ್ದು

ಹೊಲಿಗೆ ಫ್ಲೋರಿನ ವಾತಾವರಣ ಹೇಗಿದೆ ಎಂದು ತಿಳಿಯಲು ನಾನು ಮೊದಲು ತರಿಸುವುದು ಸೂಜಿ ರಿಜಿಸ್ಟರ್. ರಫ್ತು ಕಾರ್ಖಾನೆಗಳಲ್ಲಿ ಇದರ ನಿಯಮ ಬಿಗಿ. ಸೂಜಿ ಮುರಿದರೆ ಮಿಷಿನ್ ನಿಲ್ಲಿಸಬೇಕು, ಚೂರುಗಳನ್ನೆಲ್ಲ ಹುಡುಕಿ ರಿಜಿಸ್ಟರಿನ ಹಾಳೆಗೆ ಟೇಪ್ ಹಾಕಿ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಪೀಸುಗಳನ್ನೆಲ್ಲ ಬೇರೆಯಾಗಿಟ್ಟು, ಆಯಸ್ಕಾಂತ ಆಡಿಸಿ, ಮೆಟಲ್ ಡಿಟೆಕ್ಟರ್ ದಾಟಿಸಬೇಕು. ಮಗುವಿನ ಅಂಗಿಯ ಕಾಲರಿನಲ್ಲಿ ಸೂಜಿಯ ತುದಿ ಉಳಿದರೆ ಏನಾಗುತ್ತದೆ ಎಂದು ಯೋಚಿಸಿದರೆ ಈ ನಿಯಮ ಯಾಕೆ ಎಂದು ಗೊತ್ತಾಗುತ್ತದೆ.

ಡೆನಿಮ್, ಕ್ಯಾನ್ವಾಸ್‌ನಂಥ ದಪ್ಪ ಬಟ್ಟೆ ಓಡುವ 40 ಮಿಷಿನ್‌ಗಳ ಬ್ಯಾಚಿನಲ್ಲಿ (ಒಂದೇ ಸಾಲಿನಲ್ಲಿ ಹೊಲಿಯುವ ತಂಡ) ವಾರಗಟ್ಟಲೆ ಒಂದೂ ಸೂಜಿ ಮುರಿದಿಲ್ಲ ಎಂದು ರಿಜಿಸ್ಟರ್ ಹೇಳಿದರೆ ಅದು ಒಳ್ಳೆಯ ಸುದ್ದಿಯಲ್ಲ. ಮುರಿದಿದೆ ಎಂದರೆ ಎಲ್ಲರ ಎದುರು ಬೈಸಿಕೊಳ್ಳಬೇಕು. ಅದಕ್ಕೇ ಪಕ್ಕದವರ ಹತ್ತಿರ ಸೂಜಿ ಇಸಿದುಕೊಂಡು ಹಾಕಿಕೊಳ್ಳುತ್ತಿದ್ದಾರೆ.

ಕೆಲಸದ ಜಾಗದ ಸಂಸ್ಕೃತಿ ಎಂಬುದನ್ನು ನಾವು ಹೀಗೆ ಅಳೆಯುತ್ತೇವೆ: ತಪ್ಪು ಕಂಡವರು ಕೂಡಲೇ ಹೇಳುತ್ತಾರೋ, ಮುಚ್ಚಿಡುತ್ತಾರೋ. ಮುಚ್ಚಿಟ್ಟ ತಪ್ಪು ಮುಂದಿನ ಮಿಷಿನ್‌ಗೆ ಹೋಗುತ್ತದೆ. ಕಫ್‌ನಲ್ಲಿ ಹೊಲಿಗೆ ಹಾರಿದ್ದನ್ನು ಅಲ್ಲೇ ಹಿಡಿದರೆ ಬಿಚ್ಚಿ ಹೊಲಿಯಲು ಒಂದೆರಡು ನಿಮಿಷ. ಅದೇ ಕಫ್ ತೋಳಿಗೆ ಸೇರಿ, ಕಾಜಾ-ಬಟನ್ ಮುಗಿದು, ಕೊನೆಯ ಚೆಕ್ಕರ್ ಟೇಬಲ್ಲಿಗೆ ಬಂದ ಮೇಲೆ ಸಿಕ್ಕರೆ ಅಷ್ಟನ್ನೂ ಬಿಚ್ಚಬೇಕು. ಬಿಚ್ಚುವಾಗ ಬಟ್ಟೆಗೆ ತೂತು ಬಿದ್ದರೆ ಪೀಸೇ ರಿಜೆಕ್ಟ್.

ಬದಲಾವಣೆಗೆ ಕೈಹಾಕುವ ಮುಂಚೆ ಒಂದು ತಿಂಗಳು ಏನನ್ನೂ ಮುಟ್ಟದೆ ಬರೆದಿಟ್ಟುಕೊಂಡೆವು. ಪ್ರತಿ ಬ್ಯಾಚಿಗೆ ನಾಲ್ಕು ಲೆಕ್ಕ: ಹೇಳದೆ ಗೈರಾದವರು, ಸೇರಿದ 3 ತಿಂಗಳೊಳಗೆ ಬಿಟ್ಟವರು, ನೂರು ಪೀಸಿಗೆ ಎಷ್ಟು ಆಲ್ಟರ್ (ತಪ್ಪಿನಿಂದ ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸು), ಆ ಆಲ್ಟರ್ ಸರಿಪಡಿಸಲು ಹೋದ ಗಂಟೆಗಳು. ಎಲ್ಲ ಬ್ಯಾಚುಗಳ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಬೇಕು. ಇಡೀ ಕಾರ್ಖಾನೆಯ ಸರಾಸರಿ ನೋಡಿದರೆ ಏನೂ ಕಾಣುವುದಿಲ್ಲ. ಒಂದೇ ಸಂಬಳ, ಒಂದೇ ಬಸ್ಸು, ಒಂದೇ ಕ್ಯಾಂಟೀನ್ ಇದ್ದೂ ಒಂದು ಬ್ಯಾಚಿನಲ್ಲಿ ಜನ ನಿಲ್ಲದೆ, ಪಕ್ಕದ ಬ್ಯಾಚಿನಲ್ಲಿ ನಿಂತಿದ್ದರೆ ಆ ಎರಡು ಬ್ಯಾಚುಗಳ ನಡುವಿನ ವ್ಯತ್ಯಾಸ ಸೂಪರ್‌ವೈಸರ್ ನಡೆಸುವ ರೀತಿಯಲ್ಲಿದೆ.

ಮಾಲೀಕರಿಗೆ ಇದನ್ನು ದುಡ್ಡಿನ ಮಾತಿನಲ್ಲೇ ಹೇಳಬೇಕಾಗುತ್ತದೆ. ಒಂದು ಉದಾಹರಣೆ: ಶರ್ಟಿನ ಬ್ಯಾಚಿನಲ್ಲಿ ಕಾಲರ್ ಜೋಡಿಸುವವರಿಗೆ ಪೀಸಿಗೆ 48 ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ, ಗಂಟೆಗೆ 75 ಪೀಸ್. ಅವರು ಬರದ ದಿನ ಬೇರೆ ಕೆಲಸದವರನ್ನು ಕೂರಿಸಿದರೆ 70 ಸೆಕೆಂಡು ಹಿಡಿಯುತ್ತದೆ, ಗಂಟೆಗೆ 51. ಗೈರಾದದ್ದು 40ರಲ್ಲಿ ಒಬ್ಬರೇ, ಆದರೆ ಕಾಲರ್ ದಾಟದೆ ಶರ್ಟು ಮುಂದಕ್ಕೆ ಹೋಗದು. ಇಡೀ ಬ್ಯಾಚು 51ಕ್ಕೆ ಬಂದು ನಿಲ್ಲುತ್ತದೆ, ಉಳಿದ 39 ಜನರ ಸಂಬಳ ಮಾತ್ರ ಪೂರ್ತಿ.

ಮೊದಲ ಬದಲಾವಣೆ ಸೂಪರ್‌ವೈಸರುಗಳಲ್ಲಿ ಅಲ್ಲ, ಅವರ ಮೇಲಿನವರಲ್ಲಿ. ಪ್ರತಿ ಗಂಟೆ ವಾಟ್ಸ್‌ಆಪ್ ಗುಂಪಿನಲ್ಲಿ ‘ಯಾಕೆ ಕಮ್ಮಿ?’ ಎಂದು ಬಂದರೆ ಸೂಪರ್‌ವೈಸರ್ ಆ ಬಿಸಿಯನ್ನು ಮಿಷಿನ್ ಮೇಲೆ ಕೂತವರಿಗೆ ದಾಟಿಸುತ್ತಾರೆ. ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ಆ ಪ್ರಶ್ನೆಯನ್ನೇ ತೆಗೆದು ಎರಡು ಪ್ರಶ್ನೆ ಇಟ್ಟೆವು: ಪೀಸು ಯಾವ ಆಪರೇಷನ್‌ನಲ್ಲಿ (ಹೊಲಿಗೆಯ ಹಂತದಲ್ಲಿ) ನಿಂತಿದೆ? ಏನು ಕಳಿಸಬೇಕು? ಉತ್ತರದಲ್ಲಿ ಮೆಕ್ಯಾನಿಕ್, ನೂಲು, ಕತ್ತರಿಸಿದ ಪೀಸು, ಫ್ಲೋಟರ್ (ಎದ್ದವರ ಜಾಗದಲ್ಲಿ ಕೂತು ಹೊಲಿಯುವವರು) ಎಂದು ಯಾವುದನ್ನು ಕೇಳಿದರೂ 15 ನಿಮಿಷದಲ್ಲಿ ಬರಲೇಬೇಕು. ಬರದಿದ್ದರೆ ಆ ಗಂಟೆಯ ಕೊರತೆ ಮೇಲಿನವರ ಹೆಸರಿಗೆ. ಇದನ್ನು ಒಪ್ಪದ ಕಡೆ ಸೂಪರ್‌ವೈಸರುಗಳಿಗೆ ಎಷ್ಟು ತರಬೇತಿ ಕೊಟ್ಟರೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಸೂಪರ್‌ವೈಸರುಗಳ ಸರದಿ. ‘ಏನೇ’, ‘ಬಾರೇ’ ಪೂರ್ತಿ ಬಂದ್. ಹೆಸರು ಹಿಡಿದು ‘ನೀವು’ ಎನ್ನಬೇಕು, ಹಿರಿಯರಾದರೆ ‘ಅಕ್ಕ’. ಪೀಸನ್ನು ಮುಖದ ಮೇಲೆ ಎಸೆಯುವುದು, ಬ್ಯಾಚಿನ ನಡುವೆ ನಿಲ್ಲಿಸಿ ಕೂಗಾಡುವುದು ಶಿಸ್ತಿನ ಕ್ರಮಕ್ಕೆ ಒಳಪಡುವ ತಪ್ಪು ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಹಾಕಿಸಿದೆವು; ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದ ಹುಡುಗಿಯರೂ ಅದೇ ಬ್ಯಾಚಿನಲ್ಲಿರುತ್ತಾರೆ. ಬರೀ ಪೀಸಿನ ಲೆಕ್ಕದ ಮೇಲೆ ಕೊಡುತ್ತಿದ್ದ ಸೂಪರ್‌ವೈಸರ್ ಇನ್ಸೆಂಟಿವನ್ನು ಮೂರು ಪಾಲು ಮಾಡಿದೆವು: ಅರ್ಧ ಉತ್ಪಾದನೆಗೆ, ಕಾಲು ಭಾಗ ಆಲ್ಟರ್ ಕಡಿಮೆಯಾದದ್ದಕ್ಕೆ, ಕಾಲು ಭಾಗ ಹೊಸಬರು ಉಳಿದದ್ದಕ್ಕೆ.

ತಪ್ಪು ಹಿಡಿಯುವ ಕ್ರಮ ಹೆಚ್ಚು ಸಮಯ ತೆಗೆದುಕೊಂಡ ಭಾಗ. ಓಡಾಡುವ ಚೆಕ್ಕರ್ ಪ್ರತಿ ಮಿಷಿನ್‌ನಿಂದ 7 ಪೀಸ್ ತೆಗೆದು ನೋಡಿ, ತಪ್ಪಿಲ್ಲದಿದ್ದರೆ ಹಸಿರು, ಒಂದಿದ್ದರೆ ಹಳದಿ, ಎರಡು ಅಥವಾ ಹೆಚ್ಚಿದ್ದರೆ ಕೆಂಪು ಕಾರ್ಡ್ ತೂಗುಹಾಕುವ ಪದ್ಧತಿ ಎಷ್ಟೋ ಕಾರ್ಖಾನೆಗಳಲ್ಲಿದೆ. ಕೆಂಪು ಕಾರ್ಡ್ ಅವಮಾನದ ಗುರುತಾದ ಕಡೆ ಅದು ಕೆಲಸ ಮಾಡುವುದಿಲ್ಲ: ಚೆಕ್ಕರ್ ಬರುವುದು ಕಂಡೊಡನೆ ಒಳ್ಳೆಯ ಪೀಸುಗಳು ಮೇಲೆ ಬರುತ್ತವೆ, ಕೆಟ್ಟವು ಬಂಡಲಿನ ಕೆಳಕ್ಕೆ ಹೋಗುತ್ತವೆ. ಕೆಂಪು ಬಿದ್ದರೆ ಸೂಪರ್‌ವೈಸರ್ ಮತ್ತು ಮೆಕ್ಯಾನಿಕ್ ಅಲ್ಲಿಗೇ ಬರಬೇಕು, ಈ ಕ್ರಮದಲ್ಲೇ ನೋಡಬೇಕು ಎಂದು ಮಾಡಿದೆವು: ಸೂಜಿ ಬಾಗಿದೆಯೇ, ಬಟ್ಟೆಗೆ ತಕ್ಕ ನಂಬರಿನದೇ (ತೆಳು ಬಟ್ಟೆಗೆ 9–11, ಡೆನಿಮ್‌ಗೆ 16–18), ನೂಲಿನ ಟೆನ್ಷನ್ (ಬಿಗಿ), ಬಟ್ಟೆ ಒತ್ತಿ ಹಿಡಿಯುವ ಮಿಷಿನ್ ಪಾದದ ಒತ್ತಡ, ಹುಕ್ ಟೈಮಿಂಗ್ (ಕೆಳಗಿನ ಹುಕ್ ಸೂಜಿಯ ನೂಲನ್ನು ಹಿಡಿಯುವ ಸಮಯ), ಕಟಿಂಗ್‌ನಿಂದ ಬಂದ ಪೀಸಿನ ಅಳತೆ, ನಾಚ್ (ಜೋಡಿಸುವ ಜಾಗದ ಕಚ್ಚು ಗುರುತು), ಬಂಡಲ್ ನಂಬರ್. ಇವೆಲ್ಲ ಸರಿಯಿದ್ದರೆ ಕೊನೆಗೆ ಕೈಚಳಕ. ಹೊಲಿಗೆ ಹಾರುವುದಕ್ಕೆ ಹೆಚ್ಚಾಗಿ ಸೂಜಿ, ಟೈಮಿಂಗ್ ಕಾರಣ; ಸುಕ್ಕಿಗೆ ಟೆನ್ಷನ್, ಪಾದದ ಒತ್ತಡ; ಶೇಡ್ ವ್ಯತ್ಯಾಸಕ್ಕೆ ಬಂಡಲ್ ಬೆರೆತದ್ದು. ಬೈಗುಳ ತಿನ್ನುವುದು ಮಾತ್ರ ಹೊಲಿಯುವವರು. ಈ ಅನ್ಯಾಯ ನಿಂತರೆ ‘ಸರ್, ಮಿಷಿನ್ ಸರಿಯಿಲ್ಲ’ ಎಂಬ ಮಾತು ತಾನೇ ಬರತೊಡಗುತ್ತದೆ.

ಟಾಯ್ಲೆಟ್ಟಿಗೆ ಟೋಕನ್ ಇಡುವ ಪದ್ಧತಿಯನ್ನು ತೆಗೆಯಲೇಬೇಕು. ಟೋಕನ್ ಇದ್ದಲ್ಲಿ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಉರಿಮೂತ್ರ ಶುರುವಾಗುತ್ತದೆ, ರಜೆ ಹಾಕುತ್ತಾರೆ. ಅದರ ಬದಲು 20 ಮಿಷಿನ್‌ಗೆ ಒಬ್ಬ ಫ್ಲೋಟರ್: ಯಾರು ಎದ್ದರೂ ಆ ಜಾಗದಲ್ಲಿ ಕೂತು ಹೊಲಿಯುವವರು. ಫ್ಲೋಟರ್ ಎಂದರೆ ಹೆಚ್ಚುವರಿ ಸಂಬಳ ಎಂದು ಲೆಕ್ಕದವರು ತಕರಾರು ಮಾಡುತ್ತಾರೆ; ಮೇಲಿನ ಕಾಲರ್ ಲೆಕ್ಕ ತೋರಿಸಿದರೆ ಸಾಕು.

ರಜೆಯಲ್ಲೂ ಇದೇ ಮಾತು. ಕೇಳಿದರೆ ಸಿಗದ ರಜೆಯನ್ನು ಜನ ಕೇಳದೆ ಹಾಕುತ್ತಾರೆ. ಹಿಂದಿನ ದಿನ ಸಂಜೆ 4ರೊಳಗೆ ಹೇಳಿದವರಿಗೆ ಕಾರಣ ಕೆದಕದೆ ರಜೆ, ಒಂದೇ ಆಪರೇಷನ್‌ನವರು ಇಬ್ಬರು ಒಟ್ಟಿಗೆ ಹೋಗುವಂತಿಲ್ಲ ಎಂಬುದೊಂದೇ ಷರತ್ತು. ಇದು ನಡೆಯಲು ಗೋಡೆಯ ಮೇಲೆ ಕೆಲಸದ ಪಟ್ಟಿ ಬೇಕು: ಸಾಲಿನಲ್ಲಿ ಹೆಸರು, ಮೇಲೆ ಆಪರೇಷನ್, ಯಾರಿಗೆ ಯಾವುದು ಬರುತ್ತದೆ ಎಂಬ ಗುರುತು. ಕಾಲರ್, ಕಫ್, ತೋಳಿನಂಥ ಕಷ್ಟದ ಕೆಲಸ ಬಲ್ಲವರು ಕನಿಷ್ಠ ಮೂವರು ಇರಬೇಕು. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ಊರ ಜಾತ್ರೆ, ಶಾಲೆ ಶುರುವಾಗುವ ವಾರ ಎಲ್ಲವೂ ಮೊದಲೇ ಗೊತ್ತು. ಆ ವಾರಗಳಿಗೆ ಸುಲಭದ ಸ್ಟೈಲ್ ಲೋಡ್ ಮಾಡಬೇಕು, ಹೊಸ ಸ್ಟೈಲ್ ಬೇಡ.

ಹೊಸಬರಿಗೆ ಮೊದಲ ವಾರ ಟಾರ್ಗೆಟ್ ಇಲ್ಲ, ಎರಡನೇ ವಾರ ಕಾಲು ಭಾಗ, ತಿಂಗಳ ಕೊನೆಗೆ ಮುಕ್ಕಾಲು. ಊಟಕ್ಕೆ ಜೊತೆಗೆ ಕರೆದೊಯ್ಯಲು ಅದೇ ಬ್ಯಾಚಿನ ಒಬ್ಬರು. ಮೊದಲ ಸಂಬಳದ ದಿನ ಚೀಟಿ ಮುಂದಿಟ್ಟು ಪಿಎಫ್ 12%, ಇಎಸ್ಐ 0.75% ಯಾಕೆ ಹಿಡಿದಿದೆ, ಎಲ್ಲಿ ನೋಡಬಹುದು ಎಂದು ಅವರ ಫೋನಿನಲ್ಲೇ ತೋರಿಸಬೇಕು. ಇದು ಸಣ್ಣದೆಂದು ತೋರಬಹುದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬದಲಾಗುತ್ತದೆ ಎಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಆ ದುಡ್ಡು ಅವರಿಗೆ ಮಗಳ ಮದುವೆ, ಮಗನ ಫೀಸು. ಅದರ ಮಾತು ಫ್ಲೋರಿನ ಒಳಗೆ ಸರಿಯಾಗಿ ಸಿಗದಿದ್ದರೆ ಗೇಟಿನ ಹೊರಗಿನ ಗಾಳಿಮಾತನ್ನೇ ನಂಬಬೇಕಾಗುತ್ತದೆ.

ದೂರು ಪೆಟ್ಟಿಗೆಯನ್ನು ಕ್ಯಾಮೆರಾದ ಕೆಳಗೆ, ಎಚ್‌ಆರ್ ಬಾಗಿಲಲ್ಲಿ ಇಟ್ಟರೆ ಯಾರೂ ಚೀಟಿ ಹಾಕುವುದಿಲ್ಲ. ಹೆಂಗಸರ ಟಾಯ್ಲೆಟ್ಟಿನ ಹೊರಗೋಡೆಗೆ ಸರಿಸಿ, ಬಂದ ದೂರಿಗೆ 7 ದಿನದಲ್ಲಿ ಏನು ಮಾಡಿದೆವೆಂದು ಹೆಸರಿಲ್ಲದೆ ಬೋರ್ಡಿನಲ್ಲಿ ಬರೆದೆವು. ಲೈಂಗಿಕ ಕಿರುಕುಳದ ದೂರು ಮಾತ್ರ ಈ ಬೋರ್ಡಿಗೆ ಬರಕೂಡದು. ಅದು 2013ರ ಕಾಯ್ದೆಯ ಆಂತರಿಕ ಸಮಿತಿಗೇ ಹೋಗಬೇಕು. ಸಮಿತಿಯ ಹೊರಗಿನ ಸದಸ್ಯರ ಫೋನ್ ನಂಬರ್ ಎಲ್ಲರಿಗೂ ಕಾಣುವಂತಿರಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಲೆಕ್ಕದ ಹಾಳೆ ಮೊದಲು ಕೆಡುತ್ತದೆ. ಇಷ್ಟು ದಿನ ಮುಚ್ಚಿಟ್ಟದ್ದು ಹೊರಗೆ ಬರುವುದರಿಂದ ಕೆಂಪು ಕಾರ್ಡ್ ಹೆಚ್ಚುತ್ತದೆ, ಸೂಜಿ ರಿಜಿಸ್ಟರ್ ತುಂಬುತ್ತದೆ. ಮೇಲಿನವರು ಇಲ್ಲೇ ಗಾಬರಿಯಾಗಿ ಹಳೆಯ ಪದ್ಧತಿಗೆ ಮರಳುತ್ತಾರೆ. ನೋಡಬೇಕಾದದ್ದು ಕೊನೆಯ ಚೆಕ್ಕರ್ ಟೇಬಲ್ಲಿನ ಆಲ್ಟರ್: ಬ್ಯಾಚಿನೊಳಗೆ ಸಿಗುವ ತಪ್ಪು ಹೆಚ್ಚುತ್ತಾ ಕೊನೆಯಲ್ಲಿ ಸಿಗುವುದು ಇಳಿಯುತ್ತಿದ್ದರೆ ದಾರಿ ಸರಿಯಿದೆ. ಎರಡೂ ಏರುತ್ತಿದ್ದರೆ ಮೆಕ್ಯಾನಿಕ್ ಸಾಲುತ್ತಿಲ್ಲ ಅಥವಾ ಕಟಿಂಗ್‌ನಲ್ಲೇ ದೋಷವಿದೆ.

ಇನ್ನೊಂದು ಅಪಾಯ ಶಿಪ್‌ಮೆಂಟ್ ವಾರ. ಕೂಗಾಟ ಮತ್ತೆ ಶುರುವಾಗುವುದು ಆಗಲೇ. ಆ ವಾರ ಪ್ರೊಡಕ್ಷನ್ ಮ್ಯಾನೇಜರ್ ಆಫೀಸು ಬಿಟ್ಟು ಫ್ಲೋರಿನಲ್ಲೇ ಇರಬೇಕು, ಫ್ಲೋಟರುಗಳನ್ನು ಪ್ಯಾಕಿಂಗ್‌ಗೆ ಎಳೆಯಕೂಡದು, ಓಟಿ ಇದ್ದರೆ ಮಧ್ಯಾಹ್ನದ ಊಟದೊಳಗೆ ಹೇಳಬೇಕು. ಸಂಜೆ ಐದಕ್ಕೆ ಹೇಳಿದರೆ ಮಗುವನ್ನು ಯಾರು ಕರೆತರುತ್ತಾರೆ ಎಂದು ಮನೆಗೆ ಫೋನ್ ಮಾಡಲೂ ಅವರಿಗೆ ಸಮಯ ಇರುವುದಿಲ್ಲ.