ಡೆಕ್ ಬಿಚ್ಚದೆ ಟ್ರಾನ್ಸಂ ಬದಲಿಸಿದ ಕಥೆ

ಟ್ರಾನ್ಸಂ ಅಂದರೆ ಬೋಟಿನ ಹಿಂದಿನ ಗೋಡೆ, ಎಂಜಿನ್ ಜೋತುಬೀಳುವುದು ಅದಕ್ಕೇ. ಡೆಕ್ ಅಂದರೆ ಬೋಟಿನ ಮೇಲಿನ ಹೊದಿಕೆ. ನಮ್ಮ ಹಳೇ ಸ್ಪೀಡ್‌ಬೋಟಿನ ಡೆಕ್ ಬಿಚ್ಚದೆ ಟ್ರಾನ್ಸಂ ಬದಲಿಸಲು ಆಗೋದೇ ಇಲ್ಲ ಅಂತ ನನಗೆ ಕಡಿಮೆ ಅಂದರೂ ನಾಲ್ಕು ಜನ ಹೇಳಿದ್ದರು. ಅವರಲ್ಲಿ ಇಬ್ಬರು ಇದೇ ಕೆಲಸ ಮಾಡಿ ಬದುಕುವವರು. ಇನ್ನೊಬ್ಬ ನನ್ನ ಹೆಂಡತಿಯ ತಮ್ಮ. ಬೋಟ್ ಮನೆಗೆ ಬಂದ ದಿನ ಅದರ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಗೋಡೆಗೆ ಒಂದು ಗುದ್ದು ಕೊಟ್ಟು, "ಭಾವ, ಸುಮ್ನೆ ಹೊಳೇಲಿ ಹುಣಸೆಹಣ್ಣು ತೊಳೀತಿದ್ದೀರಿ" ಅಂದ. ಈಗ ಎರಡು ಸೀಸನ್ ಮುಗಿದಿವೆ. ಎಂಜಿನ್ ಹತ್ತಿರ ಹತ್ತಿರ 90 ಗಂಟೆ ಓಡಿದೆ. ಗೋಡೆ ಹಾಗೇ ನಿಂತಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಳೇ ಸ್ಪೀಡ್‌ಬೋಟ್ ಅಂದರೆ ಎಲ್ಲರಿಗೂ ರಿವಾ ಅಕ್ವಾರಾಮಾ ಥರದ ಮಹಾಗನಿ ಮರದ ಬೋಟೇ ನೆನಪಾಗುತ್ತದೆ. ನಮ್ಮದು ಅದಲ್ಲ. 70ರ ದಶಕದ ಫೈಬರ್‌ಗ್ಲಾಸ್, ಸುಮಾರು 16 ಅಡಿ. ಯಾರೋ ಹೇಳಿ ಮಾಡಿಸಿಕೊಂಡದ್ದು. ಗಾಜು ತುಂಬ ತಗ್ಗು, ಡೆಕ್ ಪೂರ್ತಿ ಹಸಿರು ಮೆಟಲ್‌ಫ್ಲೇಕ್ (ಮಿನುಗುವ ಚೂರು ಬೆರೆಸಿದ ಬಣ್ಣ), ಅದರ ಮೇಲೆ ಕೈಯಲ್ಲೇ ಹಾಕಿದ ಬಂಗಾರದ ಬಣ್ಣದ ಪಟ್ಟಿಗಳು. ಆ ಡೆಕ್ಕಿಗೇ ನಾವು ಮರುಳಾಗಿದ್ದು. ಅದನ್ನು ಬಿಚ್ಚಬಾರದು ಅಂತ ಹಟ ಹಿಡಿದದ್ದೂ ಅದಕ್ಕೇ. ರಿವೆಟ್ ಬಿಡಿಸಿ ಎತ್ತಿದರೆ ಡೆಕ್ ಬಳುಕುತ್ತದೆ. ಅಷ್ಟು ಹಳೇ ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸಿನ ಹೊರಮೈ ಪದರ, ಬಳುಕಿದರೆ ಬಲೆಬಲೆಯಾಗಿ ಬಿರುಕು ಬಿಡುತ್ತದೆ. ಅಂಥ ಫ್ಲೇಕನ್ನು ಮತ್ತೆ ಹೊಂದಿಸುವುದು ನನ್ನ ಕೈಲಿ ಆಗುವ ಕೆಲಸ ಅಲ್ಲ. ಹೊರಗಿನಿಂದ ಗೋಡೆ ಕೊಯ್ಯೋಣ ಅಂದರೆ ಹಿಂದುಗಡೆಯೂ ಅದೇ ಫ್ಲೇಕ್.

ಉಳಿದದ್ದು ಒಂದೇ ದಾರಿ, ಒಳಗಿನಿಂದ ಹೋಗುವುದು. ಗೋಡೆಯ ಫೈಬರ್‌ಗ್ಲಾಸ್ ಒಳಗೆ ಬಲಕ್ಕೆ ಇರುವುದು ಮರದ ಹಲಗೆ, ಬದಲಿಸಬೇಕಾದದ್ದು ಅದನ್ನೇ. ಆದರೆ ಡೆಕ್ ಮೇಲೆ ಕೂತಿರುವಾಗ ಇಡೀ ಹಲಗೆ ಒಳಗೆ ಹೋಗುವುದಿಲ್ಲ. ತುಂಡು ತುಂಡಾಗಿ ಹಾಕಬೇಕು. "ತುಂಡು ಹಾಕಿದರೆ ಎಂಜಿನ್ ಜೋತುಬಿದ್ದಾಗ ಸಂದಿನಲ್ಲೇ ಮುರಿಯುತ್ತೆ" ಅನ್ನೋದು ಎಲ್ಲರ ವಾದ. ಒಂದೇ ಪದರ ಆದರೆ ಅವರ ಮಾತು ಸರಿ. ನಾನು 12 ಮಿ.ಮೀ. ಮರೈನ್ ಪ್ಲೈ ಮೂರು ಪದರ ಹಾಕಿದೆ. ಒಂದು ಪದರದ ಸಂದು ಮುಂದಿನ ಪದರದ ಸಂದಿನಿಂದ ಕಡಿಮೆ ಅಂದರೂ 200 ಮಿ.ಮೀ. ದೂರ. ಇಟ್ಟಿಗೆ ಗೋಡೆ ಕಟ್ಟುವವರು ಮಾಡುವುದೂ ಇದನ್ನೇ ಅಲ್ವಾ? ಪದರಗಳ ನಡುವೆ ಫೈಬರ್‌ಗ್ಲಾಸ್ ಬಟ್ಟೆ, ಮಂದ ಮಾಡಿದ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು). ಎಲ್ಲ ಸೇರಿ 39 ಮಿ.ಮೀ. ಆಯಿತು. ಹಳೆಯದು 38 ಇತ್ತು.

ಹೇಳಿದಷ್ಟು ಸಲೀಸಾಗಿ ಇದು ಆಗಲಿಲ್ಲ.

ಹಳೇ ಮರ ತೆಗೆಯುವುದಕ್ಕೇನೂ ಕಷ್ಟ ಆಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ಒದ್ದೆ ಮಣ್ಣಿನ ಹಾಗೆ ಕೈಯಲ್ಲೇ ಬಂತು. ನೆಲದ ಕೆಳಗಿನ ಫೋಮ್ ನೋಡಿ ಮಾತ್ರ ಗಾಬರಿಯಾಯಿತು. ತೇಲಲಿ ಅಂತ ತುಂಬಿದ್ದ ಫೋಮ್ ನೀರು ಕುಡಿದು ಕೂತಿತ್ತು. ಮಗಳು ಒಂದೊಂದೇ ಚೀಲವನ್ನು ತೂಕ ಹಾಕಿ ಗೋಡೆ ಮೇಲೆ ಬರೆದಳು. ಒಟ್ಟು 70 ಕಿಲೋ ಸುಮಾರು. ಅಂದರೆ ಇಷ್ಟು ವರ್ಷ ಒಬ್ಬ ದೊಡ್ಡ ಮನುಷ್ಯ ಕಾಣದ ಹಾಗೆ ನೆಲದಡಿ ಕೂತು ಸವಾರಿ ಮಾಡುತ್ತಿದ್ದ.

ಮೊದಲ ಎಡವಟ್ಟು ಎಪಾಕ್ಸಿಯಲ್ಲಿ. ಕೆಲಸ ಬೇಗ ಆಗಲಿ ಅಂತ ಅರ್ಧ ಲೀಟರ್‌ಗಿಂತ ಜಾಸ್ತಿ ಒಂದೇ ಮಗ್ಗಿನಲ್ಲಿ ಕಲಸಿದೆ. ಹತ್ತು ನಿಮಿಷದಲ್ಲಿ ಹೊಗೆ. ಮಗ್ಗು ಕರಗಿ ನೆಲಕ್ಕೆ ಅಂಟಿತು. ಆಮೇಲಿಂದ ಅಗಲವಾದ ತಟ್ಟೆ, ಕಾಲು ಲೀಟರ್ ಮೀರುವ ಹಾಗಿಲ್ಲ. ಅಳೆದು ಕೊಡುವುದು ಮಗಳ ಕೆಲಸ. ಅವಳು ನನಗಿಂತ ಶಿಸ್ತು. ಹಾರ್ಡನರ್ ಒಂದು ಗ್ರಾಂ ಹೆಚ್ಚಾದರೂ ತಟ್ಟೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಎರಡನೆಯದು ನನ್ನ ಜಿಪುಣತನ. ಮನೆಯಲ್ಲಿ ಪಾಲಿಯೆಸ್ಟರ್ ರೆಸಿನ್ ಕೆಲಸದ ಮ್ಯಾಟ್ (ಗ್ಲಾಸ್ ಎಳೆಗಳನ್ನು ಅಂಟಿನಿಂದ ಕೂಡಿಸಿದ ಹಾಸು) ಮಿಕ್ಕಿತ್ತು, ಅದನ್ನೇ ಎಪಾಕ್ಸಿಗೆ ಹಾಕಿದೆ. ಆ ಮ್ಯಾಟಿನ ಅಂಟು ಕರಗಲು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರಿನ್ ಬೇಕು. ಎಪಾಕ್ಸಿಯಲ್ಲಿ ಅದೆಲ್ಲಿ? ಬೆಳ್ಳಗೆ ಸೆಟೆದು ನಿಂತಿತು, ಮೂಲೆಗೆ ಬಗ್ಗಲೇ ಇಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಗೊತ್ತಿದ್ದೂ ಮಾಡಿದೆ. ಕಿತ್ತು ಉಜ್ಜಲು ಎರಡು ದಿನ ಹೋಯಿತು.

ಮೂರನೆಯದೇ ಭಾರಿ ಹೊಡೆತ. ಟ್ರಾನ್ಸಂ ಜೊತೆಗೆ ಸ್ಟ್ರಿಂಗರ್‌ಗಳನ್ನೂ, ಅಂದರೆ ತಳದ ಉದ್ದಕ್ಕೂ ಬಲ ಕೊಡುವ ತೊಲೆಗಳನ್ನೂ, ಬದಲಿಸಿದ್ದೆವು. ಅವುಗಳ ಮೇಲಿನ ಎರಡನೇ ಪದರ ಒಂದು ಬೆಳಗ್ಗೆ ಬಾಳೆಲೆಯ ಹಾಗೆ ಎದ್ದು ಬಂತು. ಮಳೆಗಾಲದ ತೇವ. ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂತಿತ್ತು. ನಾನು ತೊಳೆಯದೆ ಸುಮ್ನೆ ಉಜ್ಜಿದ್ದೆ. ಉಜ್ಜಿದರೆ ಅದು ಇನ್ನಷ್ಟು ಹರಡುತ್ತದೆ. ಮೊದಲು ಬರೀ ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಸ್ಯಾಂಡ್‌ಪೇಪರ್ ಮುಟ್ಟಬೇಕು. ಒಂದು ವಾರದ ದುಡಿಮೆ, ಏಳೆಂಟು ಮೀಟರ್ ಬಟ್ಟೆ, ಎಲ್ಲ ಕಸಕ್ಕೆ. ಆವತ್ತು ಸಂಜೆ ನಾನು ಷೆಡ್ಡಿನ ಬಾಗಿಲು ಹಾಕಿ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ. ಮಾರನೇ ದಿನ ನೋಡಿದರೆ ಹೆಂಡತಿ, ಮಗ ಇಬ್ಬರೂ ಬಕೆಟ್ ಹಿಡಿದು ಒಳಗೆ ಕೂತು ತಿಕ್ಕುತ್ತಿದ್ದರು.

ಹಲ್, ಅಂದರೆ ಬೋಟಿನ ಒಡಲು, ಅದರ ಆಕಾರದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸ್ಟ್ರಿಂಗರ್ ತೆಗೆದ ಮೇಲೆ ಹಲ್ ಅನ್ನೋದು ಬರೀ ಒಂದು ದೊಡ್ಡ ಟಬ್ಬು, ಹೇಗೆ ಕೂರಿಸಿದರೆ ಹಾಗೆ ಬಗ್ಗುತ್ತದೆ. ನಾನು ಐದು ಕಡೆ ಊರೆ ಕೊಟ್ಟು ಸಾಕು ಅಂದುಕೊಂಡಿದ್ದೆ. ಹಿಂದಿನ ಆರು ಅಡಿಗೆ ನೇರ ಪಟ್ಟಿ ಹಿಡಿದು ನೋಡಿದರೆ ನಡುವೆ 4-5 ಮಿ.ಮೀ. ಉಬ್ಬಿತ್ತು. ಹಾಗೇ ಸ್ಟ್ರಿಂಗರ್ ಅಂಟಿಸಿದ್ದರೆ ಆ ಉಬ್ಬು ಶಾಶ್ವತ. ಬೋಟ್ ವೇಗ ಹಿಡಿದಾಗ ಮೂತಿ ಏಳುತ್ತ ಬೀಳುತ್ತ ಕುದುರೆ ಕುಣಿದ ಹಾಗೆ ಓಡುತ್ತದೆ. ಆಮೇಲೆ ಎಂಜಿನ್ ಕೋನ ಎಷ್ಟು ಬದಲಿಸಿದರೂ ಹೋಗಲ್ಲ. ಊರೆಗಳನ್ನು ಹನ್ನೊಂದಕ್ಕೆ ಏರಿಸಿದೆ. ದಿನಕ್ಕೆ ಕಾಲು ಸುತ್ತಿನ ಹಾಗೆ ಜ್ಯಾಕ್ ತಿರುಗಿಸುತ್ತ ಎರಡು ವಾರ ಕಾದೆ. ಉಬ್ಬು ಒಂದು ಮಿ.ಮೀ.ಗಿಂತ ಕಡಿಮೆಯಾಯಿತು. ಆಮೇಲೆಯೇ ಅಂಟಿಸಿದ್ದು. ಈ ಎರಡು ವಾರದಲ್ಲಿ ಭಾವಮೈದುನ ಮೂರು ಸಲ ಬಂದು "ಏನೂ ನಡೀತಾನೇ ಇಲ್ವಲ್ಲ" ಅಂದು ಹೋದ.

ಕಾಯುವಾಗ ಮಗ ಒಂದು ಪ್ರಯೋಗ ಮಾಡಿದ. ಮೂರು ಪ್ಲೈ ತುಂಡು. ಒಂದಕ್ಕೆ ಏನೂ ಹಚ್ಚಿಲ್ಲ. ಒಂದಕ್ಕೆ ಎಲ್ಲ ಕಡೆ ಎಪಾಕ್ಸಿ. ಮೂರನೆಯದಕ್ಕೂ ಎಪಾಕ್ಸಿ, ಆದರೆ ಆಮೇಲೆ ಒಂದು ಸ್ಕ್ರೂ ತೂತು ಕೊರೆದು ಹಾಗೇ ಬಿಟ್ಟ. ಮೂರನ್ನೂ ಬಕೆಟ್ ನೀರಲ್ಲಿ ಮೂರು ತಿಂಗಳು ಮುಳುಗಿಸಿಟ್ಟ. ಎಪಾಕ್ಸಿ ಹಚ್ಚಿದ್ದು ಹೆಚ್ಚುಕಡಿಮೆ ಮೊದಲಿನ ತೂಕವೇ. ತೂತಿನದು ಮಾತ್ರ ಏನೂ ಹಚ್ಚದ ತುಂಡಿನ ಅರ್ಧದಷ್ಟು ನೀರು ಕುಡಿದಿತ್ತು. ಒಂದೇ ತೂತು! ಹಾಗಾಗಿ ನಮ್ಮ ಬೋಟಿನಲ್ಲಿ ಎಂಜಿನ್ ಬೋಲ್ಟಿನಿಂದ ಹಿಡಿದು ಡ್ರೈನ್ ತೂತಿನ ತನಕ ಒಂದನ್ನು ಬಿಟ್ಟು ಎಲ್ಲವನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಸರಿ ಅಳತೆಗೆ ಕೊರೆದಿದ್ದೇವೆ.

ಟ್ರಾನ್ಸಂ ತುಂಡುಗಳನ್ನು ಒತ್ತಿ ಹಿಡಿಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಂಚಿಗೆ ಕ್ಲ್ಯಾಂಪ್ ಸಿಗುತ್ತದೆ, ಎಂಜಿನ್ ಬೋಲ್ಟಿನ ತೂತುಗಳಲ್ಲಿ ಉದ್ದ ಬೋಲ್ಟ್ ಹಾಕಿ ಮರದ ಪಟ್ಟಿ ಬಿಗಿಯಬಹುದು. ಕೆಳಗಿನ ಎರಡು ಮೂಲೆಗೆ ಏನೂ ಎಟುಕುವುದಿಲ್ಲ. ಅಲ್ಲಿಗೆ ನಾನು ಏನು ಮಾಡಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಸೈಕಲ್ ಟ್ಯೂಬ್ ಬೇಕಾಯಿತು ಅಂತ ಮಾತ್ರ ಹೇಳಬಲ್ಲೆ. ಒಣಗಿದ ಮೇಲೆ ಸಣ್ಣ ಸುತ್ತಿಗೆಯಲ್ಲಿ ಇಂಚಿಂಚೂ ತಟ್ಟಿ ಕೇಳಿದೆ. ಒಂದೇ ಒಂದು ಕಡೆ ಟೊಳ್ಳು ಸದ್ದು. ಅಲ್ಲಿ ಎರಡು ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ ತುಂಬಿದೆ.

ಎಂಜಿನ್ 70 ಎಚ್‌ಪಿ, ಮೂರು ಸಿಲಿಂಡರ್ ಟು-ಸ್ಟ್ರೋಕ್. ನೀರಿನ ಪಂಪಿನ ಇಂಪೆಲ್ಲರ್, ಕಾರ್ಬ್ಯುರೇಟರ್, ಇಂಧನದ ಪೈಪು ಎಲ್ಲ ಹೊಸದಾಯಿತು. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಎರಡರಲ್ಲಿ 115 ಪಿಎಸ್‌ಐ ಆಸುಪಾಸು, ಮೂರನೆಯದರಲ್ಲಿ 90. ಪಿಸ್ಟನ್ ರಿಂಗ್ ಹಿಡಿದಿರಬಹುದು ಅನ್ನಿಸಿ ಬಿಚ್ಚುವ ಮುಂಚೆ ನಾಲ್ಕು ದಿನ ನೆನೆಹಾಕಿದೆ. 108ಕ್ಕೆ ಏರಿತು. ಅಷ್ಟು ಸಾಕು ಅಂತ ಬಿಟ್ಟೆ.

ಮೆಟಲ್‌ಫ್ಲೇಕ್ ಹೊಳಪು ತರುವಾಗ ಮಗ ಒಂದು ಅಂಚಿನಲ್ಲಿ ಮೆಷಿನ್ ಜಾಸ್ತಿ ಹೊತ್ತು ಇಟ್ಟ. ಮೇಲಿನ ಪಾರದರ್ಶಕ ಪದರ ಸವೆದು ಚೂರುಗಳಿಗೇ ತಾಗಿತು. ಬಣ್ಣ ಹೋಗಿ ಅಂಗೈ ಅಗಲ ಬೆಳ್ಳಿಯಾಯಿತು. ಅವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ತೇಪೆ ಹಾಕಿದ್ದೇವೆ. ಬಿಸಿಲಲ್ಲಿ ನನಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಉಳಿದ ಡೆಕ್ ಪೂರ್ತಿ ಕೈಯಲ್ಲೇ, ನೀರು ಹಾಕಿ 1000ದಿಂದ 2000 ನಂಬರಿನ ಪೇಪರ್ ತನಕ.

ಇನ್ನು ದುಡ್ಡು. ಬೋಟಿಗೆ ಕೊಟ್ಟದ್ದನ್ನು ಒಂದು ಪಾಲು ಅಂತ ಇಟ್ಟುಕೊಳ್ಳಿ. ರೆಸಿನ್, ಬಟ್ಟೆ ಒಂದೂವರೆ ಪಾಲು, ಅದರಲ್ಲಿ ಮೂರನೇ ಒಂದು ಭಾಗ ಕಸದ ಬುಟ್ಟಿಗೆ ಹೋಯಿತು. ಎಂಜಿನ್ ಒಂದೂಕಾಲು. ಟ್ರೈಲರ್ ಅರ್ಧ. ಪ್ಲೈ ಕಾಲು. ಸೀಟಿಗೆ ಕಾಲು, ಹೆಂಡತಿಯೇ ಹೊಲಿದಳು, ಇಲ್ಲದಿದ್ದರೆ ಒಂದು ಪಾಲು ದಾಟುತ್ತಿತ್ತು. ನನಗೆ ನಂಬಲು ಆಗದೇ ಇದ್ದದ್ದು ಸ್ಯಾಂಡ್‌ಪೇಪರ್, ಗ್ಲೌಸು, ಮಾಸ್ಕು, ರೋಲರ್‌ಗಳ ಲೆಕ್ಕ: ಮುಕ್ಕಾಲು ಪಾಲು! ಒಟ್ಟು ಐದೂವರೆ. ಹೊರಗೆ ಕೊಟ್ಟಿದ್ದರೆ ಟ್ರಾನ್ಸಂ, ಸ್ಟ್ರಿಂಗರ್‌ಗೇ ಏಳು ಪಾಲು ಕೇಳಿದ್ದರು. ಮಾರಿದರೆ ಮೂರು ಬಂದರೆ ಹೆಚ್ಚು. ಮಾರುವುದಿಲ್ಲ ಬಿಡಿ.

ಎಂಜಿನ್ ಕೂರಿಸುವ ಮುಂಚೆ ಒಂದು ಪರೀಕ್ಷೆ ಮಾಡಿದೆವು. ಟ್ರಾನ್ಸಂಗೆ ಮೂರು ಅಡಿ ಉದ್ದದ ಉಕ್ಕಿನ ತೊಲೆ ಬಿಗಿದು ಅದರ ತುದಿಗೆ ನಾನೂ ಭಾವಮೈದುನನೂ ಜೋತುಬಿದ್ದೆವು. ಹಳೇ ಮರ ಇದ್ದಾಗ ನಾನೊಬ್ಬನೇ ಜೋತುಬಿದ್ದರೂ ಅರ್ಧ ಇಂಚು ಬಗ್ಗಿತ್ತು. ಈಗ ಇಬ್ಬರ ಭಾರಕ್ಕೆ ಡಯಲ್ ಗೇಜಿನ ಮುಳ್ಳು ಒಂದು ಮಿ.ಮೀ. ಕೂಡ ದಾಟಲಿಲ್ಲ. "ಗೇಜು ಕೆಟ್ಟಿರಬೇಕು" ಅಂದ ಅವನು.

ನೀರಿಗಿಳಿಸಿದ ದಿನ ಜಿಪಿಎಸ್‌ನಲ್ಲಿ ವೇಗ ಗಂಟೆಗೆ 60 ಕಿ.ಮೀ. ದಾಟಿತು. ಮೂತಿ ಕುಣಿಯಲಿಲ್ಲ. ಹೋದ ತಿಂಗಳು ಒಂದು ಎಂಜಿನ್ ಬೋಲ್ಟ್ ಬಿಚ್ಚಿ ನೋಡಿದೆ, ಒಳಗೆ ಒಣಗಿಯೇ ಇದೆ. ಆದರೆ ಪ್ರತಿ ಸಲ ದಡಕ್ಕೆ ಬಂದಾಗ ತಳದಲ್ಲಿ ಒಂದು ಮಗ್ ನೀರು ಇರುತ್ತದೆ. ಎಲ್ಲಿಂದ ಅಂತ ಗೊತ್ತಿಲ್ಲ. ಮುಂದಿನ ಎಳೆಯುವ ಕೊಂಡಿಯ ಬೋಲ್ಟೇ ಅಂತ ಮಗಳು ಹೇಳುತ್ತಾಳೆ. ಅದೊಂದನ್ನು ಮಾತ್ರ ನಾವು ದೊಡ್ಡದಾಗಿ ಕೊರೆದು ತುಂಬಿಲ್ಲ. ಈ ಭಾನುವಾರ ಬಿಚ್ಚಬೇಕು.