ಗುದನಾಳದ ಗಡ್ಡೆಗೆ ಆಪರೇಷನ್ನಾ? ಸೈನ್ ಹಾಕೋ ಮುಂಚೆ ಇದನ್ನ ಕೇಳಿ

ನಮ್ಮಪ್ಪಂಗೆ ಮಲದಲ್ಲಿ ರಕ್ತ ಬರ್ತಿತ್ತು, ಪೈಲ್ಸ್ ಇರ್ಬೇಕು ಅಂತ ಆರು ತಿಂಗ್ಳು ಮುಲಾಮು ಹಚ್ಕೊಂಡೇ ಕಳೆದ್ವಿ, ಕೊನೆಗೆ ಕೊಲೊನೊಸ್ಕೋಪಿ ಮಾಡ್ಸಿದ್ರೆ ಗುದನಾಳದಲ್ಲಿ 2 ಸೆಂಟಿಮೀಟರ್ ಗಡ್ಡೆ. "ಕೀಹೋಲ್‌ನಲ್ಲೇ ತೆಗೀಬಹುದು" ಅಂದ್ರು, ನಾವು ಸದ್ಯ ಬದುಕಿದ್ವಿ ಅಂತ ತಲೆ ಆಡಿಸ್ಬಿಟ್ವಿ. ಇನ್ನೊಬ್ರು ಡಾಕ್ಟ್ರ ಹತ್ರ ಹೋದಾಗ್ಲೇ ಗೊತ್ತಾಗಿದ್ದು, ಆ ಒಂದು ಮಾತಲ್ಲಿ ಎರಡು ಬೇರೆ ಬೇರೆ ಆಪರೇಷನ್ ಅಡಗಿರುತ್ತೆ ಅಂತ.

ಅದಕ್ಕೇ ಮೊದಲು ಕೇಳ್ಬೇಕಾದ್ದು: "ಡಾಕ್ಟ್ರೇ, ಬರೀ ಗಡ್ಡೆ ತೆಗೀತೀರಾ, ಗುದನಾಳನೇ ತೆಗೀತೀರಾ?"

ಹೊಟ್ಟೇಲಿ ನಾಕೈದು ತೂತು ಹಾಕಿ ಲ್ಯಾಪ್ರೋಸ್ಕೋಪಿನೋ ರೋಬೋನೋ ಬಳಸಿ ಮಾಡೋದಾದ್ರೆ, ಒಳಗಡೆ ಕೆಲಸ ಹೊಟ್ಟೆ ಕುಯ್ದು ಮಾಡೋ ಹಳೇ ಆಪರೇಷನ್ದೇ: ಗುದನಾಳ, ಸುತ್ತಲಿನ ಕೊಬ್ಬು, ಲಿಂಫ್ ಗಂಟು (ಕ್ಯಾನ್ಸರ್ ಹರಡಿದ್ರೆ ಸಾಮಾನ್ಯವಾಗಿ ಮೊದಲು ಹೋಗೋ ಸಣ್ಣ ಗಂಟುಗಳು) ಎಲ್ಲಾ ಬರುತ್ತೆ. ನೋವು ಕಮ್ಮಿ, ಬೇಗ ಮನೆಗೆ ಬರ್ಬಹುದು, ನಿಜ. ಆದ್ರೆ ಕರುಳು ಜೋಡಿಸಿದ್ಮೇಲೆ ಕೆಲವು ತಿಂಗ್ಳು ಮಲ ಬೀಳೋಕೆ ಹೊಟ್ಟೆ ಮೇಲೆ ಬ್ಯಾಗ್ ಬೇಕಾಗ್ಬಹುದು, ಬ್ಯಾಗ್ ತೆಗೆದ್ಮೇಲೂ ಎಷ್ಟೋ ಜನ ದಿನಕ್ಕೆ ಹಲವು ಸಲ ಟಾಯ್ಲೆಟ್‌ಗೆ ಓಡ್ತಾರೆ. ತೂತು ಚಿಕ್ಕದು ಅಂತ ಆಪರೇಷನ್ ಚಿಕ್ಕದಾಗಲ್ಲ.

ಇನ್ನೊಂದು, ಮಲದ್ವಾರದ ಮೂಲಕವೇ ಹೋಗೋದು. ಜರ್ಮನಿಯ ಗೆರ್ಹಾರ್ಡ್ ಬ್ಯೂಸ್ ಅನ್ನೋ ಸರ್ಜನ್ 1980ರ ದಶಕದಲ್ಲಿ ಶುರು ಮಾಡಿದ ಟಿಇಎಂ ಅನ್ನೋ ವಿಧಾನ, ಆಮೇಲೆ ಮಾಮೂಲಿ ಲ್ಯಾಪ್ರೋಸ್ಕೋಪಿ ಸಾಮಾನಲ್ಲೇ ಮಾಡೋ ಟ್ಯಾಮಿಸ್. ಗಡ್ಡೆ, ಅದರ ಸುತ್ತ ಸ್ವಲ್ಪ ಒಳ್ಳೇ ಭಾಗ ಅಷ್ಟೇ ತೆಗೀತಾರೆ, ಸಾಮಾನ್ಯವಾಗಿ ಬ್ಯಾಗೂ ಬೇಡ. ಆದ್ರೆ ಲಿಂಫ್ ಗಂಟುಗಳು ಒಳಗೇ ಉಳಿಯುತ್ತೆ, ಅಲ್ಲಿ ಕ್ಯಾನ್ಸರ್ ಹೋಗಿದ್ರೆ ಇದು ಸಾಲದು. ಹಾಗಾಗಿ ಟಿ1 ಹಂತ (ಗುದನಾಳದ ಗೋಡೆಯ ಒಳಪದರದಲ್ಲೇ ಇದ್ದು ಸ್ನಾಯುವಿಗೆ ಇಳಿಯದ ಕ್ಯಾನ್ಸರ್), 3 ಸೆಂಟಿಮೀಟರ್‌ಗಿಂತ ಚಿಕ್ಕದು, ಬಯಾಪ್ಸೀಲಿ ಉಗ್ರವಾಗಿಲ್ದೇ ಇರೋದು, ಇಂಥದಕ್ಕೆ ಮಾತ್ರ ಹೊಂದುತ್ತೆ. ಎಂಆರ್‌ಐ ಇಲ್ದೆ ಡೇಟ್ ಫಿಕ್ಸ್ ಮಾಡೋಕೆ ಬಿಡ್ಬೇಡಿ, ಅದರ ಜೊತೆಗೆ ಗುದನಾಳದ ಒಳಗಿಂದ ಅಲ್ಟ್ರಾಸೌಂಡೂ ಕೇಳಿ.

ತೆಗೆದ ಗಡ್ಡೆ ಒಂದೇ ತುಂಡಾಗಿ ಬರ್ಬೇಕು. ಅಪ್ಪಂಗೆ ಮೊದಲು ಈ ಮಲದ್ವಾರದ ದಾರೀಲೇ ತೆಗೆದ್ರು, ನಮಗೆ ಫೋಟೋ ತೋರಿಸಿದ್ರು, ಕಾರ್ಕ್ ಹಲಗೆ ಮೇಲೆ ಸುತ್ತಲೂ ಪಿನ್ ಚುಚ್ಚಿ ಹಪ್ಪಳದ ಥರ ಬಿಡಿಸಿಟ್ಟಿದ್ರು, ಅಂಚು ಕ್ಲಿಯರ್ ಇದ್ಯಾ ಅಂತ ಪೆಥಾಲಜಿಯವ್ರು ನೋಡೋಕೆ ಹಾಗೆ ಮಾಡ್ತಾರಂತೆ. ಅಂಚೇನೋ ಕ್ಲಿಯರ್ ಇತ್ತು, ಆದ್ರೆ ಲಿಂಫ್ ನಾಳದೊಳಗೆ ಕ್ಯಾನ್ಸರ್ ಕಣ ಸಿಕ್ತು, ಹಾಗಾಗಿ ಅಪ್ಪಂಗೆ ಕೊನೆಗೂ ದೊಡ್ಡ ಆಪರೇಷನ್ನೇ ಆಯ್ತು. "ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಮುಂದೇನು?" ಅಂತ ಮೊದಲೇ ಕೇಳಿದ್ರಿಂದ ಆ ದಿನ ಕಾಲು ನಡುಗಿದ್ರೂ ನಿಂತ್ಕೊಂಡ್ವಿ.

ಬ್ಯಾಗ್ ಬರೋದಿದ್ರೆ ಹಿಂದಿನ ದಿನವೇ ಹೊಟ್ಟೆ ಮೇಲೆ ಜಾಗ ಗುರುತು ಮಾಡಿಸ್ಕೊಳಿ. ನಮ್ಮ ನರ್ಸಮ್ಮ ಅಪ್ಪನ್ನ ಕೂರಿಸಿ, ನಿಲ್ಲಿಸಿ, ಬಗ್ಗಿಸಿ, "ಪಂಚೆ ಎಲ್ಲಿ ಕಟ್ತೀರಾ ಯಜಮಾನ್ರೇ, ಕಟ್ಟಿ ತೋರ್ಸಿ" ಅಂತ ಕೇಳಿ, ಗಂಟು ಬೀಳೋ ಜಾಗ ಬಿಟ್ಟು ಪೆನ್ನಲ್ಲಿ ಚುಕ್ಕಿ ಇಟ್ರು.